ಕೋಳಿಯ ತಟ್ಟೆಯಲ್ಲಿ ಏನಿದೆ?



"ನಾನು ಸಸ್ಯಾಹಾರಿ, ಆದರೆ ಮೊಟ್ಟೆ ತಿನ್ನುತ್ತೇನೆ" ಎನ್ನುವವರು ನಿಮ್ಮಲ್ಲಿ ಅನೇಕರಿದ್ದೀರಿ. ಕಾಲೇಜಿನ ಕ್ಯಾಂಟೀನಿನಲ್ಲಿ ಆಮ್ಲೆಟ್-ಪಾವ್ ಮುಂದಿಟ್ಟುಕೊಂಡು ಇದು ವೆಜ್ಜೋ ನಾನ್‌ವೆಜ್ಜೋ ಎಂದು ವಾದಿಸಿಯೂ ಇರುತ್ತೀರಿ. ಆ ವಾದಕ್ಕೆ ನಾನು ಬರುವುದಿಲ್ಲ. ನಿಮ್ಮ ತಟ್ಟೆ ಹಾಗಿರಲಿ, ಕೋಳಿಯ ತಟ್ಟೆಯನ್ನು ಒಮ್ಮೆ ನೋಡೋಣ ಬನ್ನಿ.

ರಜೆಯಲ್ಲಿ ಊರಿಗೆ ಹೋದಾಗ ಅಂಗಳದ ಕೋಳಿಯನ್ನು ನೋಡಿದ್ದೀರಲ್ಲ? ನುಚ್ಚಕ್ಕಿ ಹಾಕಿದರೂ ಅದು ಗೊಬ್ಬರದ ರಾಶಿ ಕೆದಕಿ ಎರೆಹುಳು, ಗೆದ್ದಲು ಹುಡುಕುತ್ತದೆ. ಕಾಳೂ ಬೇಕು, ಹುಳುವೂ ಬೇಕು, ಅದು ಅದರ ಹುಟ್ಟುಗುಣ. ಫಾರಂ ಕೋಳಿಗೆ ಕೆದಕಲು ನೆಲವಿಲ್ಲ. ಚೀಲದಲ್ಲಿ ಬಂದದ್ದೇ ಊಟ. ಅದರಲ್ಲಿ ಬಹುಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಮೊಟ್ಟೆಯ ಓಡು ಗಟ್ಟಿಯಾಗಲು ಸುಣ್ಣಕಲ್ಲು ಅಥವಾ ಸಮುದ್ರದ ಚಿಪ್ಪಿನ ಹುಡಿ. ಹಲವು ಕಡೆ ಒಣಮೀನು, ಮೀನಿನ ಹುಡಿ, ಮಾಂಸ-ಮೂಳೆಯ ಹುಡಿಯನ್ನೂ ಬೆರೆಸುತ್ತಾರೆ.

ಏಕೆ? ಸೋಯಾದಲ್ಲಿ ಮೆಥಿಯೊನಿನ್ ಎಂಬ ಅಂಶ ಕೋಳಿಗೆ ಸಾಲುವುದಿಲ್ಲ, ಮೀನಿನಲ್ಲಿ ಅದು ಧಾರಾಳ. ಹಿಂದೆ ಬರೀ ಕಾಳು ತಿಂದ ಮರಿಗಳು ಸರಿಯಾಗಿ ಬೆಳೆಯುತ್ತಿರಲಿಲ್ಲ. ಅವುಗಳಿಗೆ ಕೊರತೆಯಾಗಿದ್ದದ್ದು ಬಿ-12 ಜೀವಸತ್ವ ಎಂದು ಗೊತ್ತಾದದ್ದು 1948ರ ಸುಮಾರಿಗೆ. ಈಗ ಇವೆರಡನ್ನೂ ಕಾರ್ಖಾನೆಯಲ್ಲೇ ತಯಾರಿಸುವುದರಿಂದ ಮೀನಿಲ್ಲದೆಯೂ ಕೋಳಿ ಸಾಕಬಹುದು.

ಆ ಮೀನಿನ ಹುಡಿಗೂ ನಮಗೂ ನಂಟಿದೆ. ನಿಮ್ಮಲ್ಲಿ ಹಲವರ ಹಿರಿಯರು ಬಿಟ್ಟು ಬಂದ ಕಡಲತೀರದಲ್ಲೇ, ಉಳ್ಳಾಲ ಮಲ್ಪೆಗಳ ಕಡೆ, ಅದರ ಕಾರ್ಖಾನೆಗಳಿವೆ. ಅಮ್ಮ ಪುಳಿಮುಂಚಿ ಮಾಡುವ ಭೂತಾಯಿಯೇ ಅಲ್ಲಿ ಬೆಂದು, ಎಣ್ಣೆ ಬಿಟ್ಟು, ಒಣಗಿ ಹುಡಿಯಾಗುತ್ತದೆ. ಕೋಳಿಗೂ ಸೀಗಡಿ ಸಾಕಣೆಗೂ ಹೋಗುತ್ತದೆ. ಬಡವರ ಬಟ್ಟಲಿನ ಮೀನು ಹೀಗೆ ಚೀಲ ಸೇರುವುದು ಸರಿಯೇ ಎಂಬುದು ನೀವು ಯೋಚಿಸಬೇಕಾದ ಮಾತು.

ಇನ್ನು ಕಾನೂನು. ದನಕ್ಕೆ ದನದ ಮೂಳೆಯ ಹುಡಿ ತಿನ್ನಿಸಿ ಬ್ರಿಟನ್ ಪಟ್ಟ ಪಾಡು 1996ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆ ಹುಚ್ಚುರೋಗ ಕೋಳಿಗಳಲ್ಲಿ ಕಂಡುಬರಲಿಲ್ಲ. ಆದರೂ ಯುರೋಪ್ 2001ರಲ್ಲಿ ಕೋಳಿಗೂ ಅಂಥ ಹುಡಿಯನ್ನು ನಿಷೇಧಿಸಿತು. ಹಂದಿಯಿಂದ ಬಂದದ್ದನ್ನು ಕೋಳಿಗೆ ಕೊಡಬಹುದೆಂದು 2021ರಲ್ಲಿ ಸಡಿಲಿಸಿತು. ನಮ್ಮ ದೇಶದಲ್ಲಿ ಹಾಲು ಕೊಡುವ ದನಕ್ಕೆ ಮಾಂಸ-ಮೂಳೆಯ ಹುಡಿ ಕೂಡದು. ಕೋಳಿ, ಹಂದಿ, ಮೀನುಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ.

ಅಂಗಡಿಯ ಪೊಟ್ಟಣದ ಮೇಲಿನ ಹಸಿರು, ಕಂದು ಗುರುತು ನಿಮ್ಮ ಊಟದ ಮಾತು ಹೇಳುತ್ತದೆಯೇ ಹೊರತು ಕೋಳಿಯ ಊಟದ್ದಲ್ಲ. ಕೆಲವು ಡಬ್ಬಿಗಳ ಮೇಲೆ ಸಸ್ಯಾಹಾರ ತಿಂದ ಕೋಳಿಯ ಮೊಟ್ಟೆ ಎಂದು ಬರೆದಿರುತ್ತದೆ. ನಿಮಗೆ ಇದು ಮುಖ್ಯವಾದರೆ ಓದಿ ನೋಡಿ, ಬರೆದಿಲ್ಲದಿದ್ದರೆ ಕಂಪೆನಿಗೆ ಪತ್ರ ಬರೆದು ಕೇಳಿ. ಕೇಳುವುದು ಗಿರಾಕಿಯ ಹಕ್ಕು.

ಮೀನಿನ ವಾಸನೆ ಬಂದರೆ ಬಾಡಿಗೆಗೆ ಮನೆ ಸಿಗದ ಕಟ್ಟಡಗಳು ನಮ್ಮ ಮುಂಬಯಿಯಲ್ಲಿವೆ. ಅಲ್ಲಿ ಬೇಯುವ ಮೊಟ್ಟೆಯಲ್ಲೂ ಭೂತಾಯಿಯ ಪಾಲು ಇದ್ದೀತು! ಆದ್ದರಿಂದ ನಿಮ್ಮ ನಿಯಮ ನೀವು ಪಾಲಿಸಿ, ಪಕ್ಕದವರ ತಟ್ಟೆಯನ್ನು ಮಾತ್ರ ಹೀಗಳೆಯಬೇಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.