ಕನ್ನಡಿಗೆ ಕಾಣದ ಮುಖ

ವಾರಪತ್ರಿಕೆಗಳ ರಂಗೋಲಿ ಪುಟ ನೆನಪಿದೆಯಾ? ಚಿತ್ರದ ಕೆಳಗೆ ಚಿಕ್ಕದಾಗಿ ಒಂದೇ ಸಾಲು ಇರ್ತಿತ್ತು: 13 ಚುಕ್ಕಿ, 7ರವರೆಗೆ, ಮಧ್ಯ ಚುಕ್ಕಿ. ಅಷ್ಟು ಓದಿದರೆ ಸಾಕು, ಅಮ್ಮಂದಿರ ಕೈ ತಾನಾಗೇ ಓಡ್ತಿತ್ತು. ಸೂಚನೆ ಚಿಕ್ಕದು, ಚಿತ್ರ ದೊಡ್ಡದು. ಕ್ರಿಯೇಟಿವ್ ಕೋಡಿಂಗ್ ಅಂದರೂ ಹೆಚ್ಚುಕಡಿಮೆ ಇದೇ. ಬ್ಯಾಂಕಿನ ಲೆಕ್ಕಕ್ಕೋ ಡೆಲಿವರಿ ಆ್ಯಪಿಗೋ ಕೋಡ್ ಬರೆಯೋ ಬದಲು ಚಿತ್ರಕ್ಕೆ, ಸದ್ದಿಗೆ, ಆಟಕ್ಕೆ ಬರೆಯೋದು. ಇದು ನಾನು ಸುಮ್ಮನೆ ಕೊಡ್ತಿರೋ ಹೋಲಿಕೆ ಅಂದ್ಕೋಬೇಡಿ. 1970ರ ದಶಕದಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿ ತಮಿಳರ ಕೋಲಂ ವಿನ್ಯಾಸಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣದಲ್ಲಿ ಬರೆದು ತೋರಿಸಿದ್ದರು.

ಈಗ ಇದಕ್ಕೆಂದೇ ಪುಕ್ಕಟೆ ಸಾಧನಗಳಿವೆ. 2001ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ (ಮಣಿಪಾಲದ್ದಲ್ಲ ಮಾರಾಯ್ರೆ, ಅಮೆರಿಕದ್ದು) ಕೇಸಿ ರೀಸ್ ಮತ್ತು ಬೆನ್ ಫ್ರೈ 'ಪ್ರೊಸೆಸಿಂಗ್' ಶುರು ಮಾಡಿದರು. 2013ರಲ್ಲಿ ಲಾರೆನ್ ಲೀ ಮೆಕಾರ್ಥಿ ಅದನ್ನೇ ಬ್ರೌಸರಿಗೆ ತಂದು 'ಪಿ5' ಅಂತ ಕಟ್ಟಿದರು. ಇನ್‌ಸ್ಟಾಲ್ ಮಾಡೋ ಗೋಜಿಲ್ಲ, ಹತ್ತು ಸಾಲು ಬರೆದರೆ ಪರದೆ ಮೇಲೆ ಏನೋ ಒಂದು ಕುಣಿಯುತ್ತೆ. ಕಲಾ ವಿದ್ಯಾರ್ಥಿಗಳು, ಡಿಸೈನ್ ಓದೋರು, ಸ್ಕೂಲ್ ಮಕ್ಕಳು ಎಲ್ಲರೂ ಇದರಲ್ಲಿ ಆಡ್ತಾರೆ.

ಆಟ ತಾನೇ, ಇದರಲ್ಲಿ ಸರಿ ತಪ್ಪಿನ ಪ್ರಶ್ನೆ ಎಲ್ಲಿಂದ ಬಂತು ಅಂತೀರಾ? ಅದೇ ಮೀಡಿಯಾ ಲ್ಯಾಬ್‌ನ ಒಬ್ಬ ವಿದ್ಯಾರ್ಥಿನಿಯ ಕತೆ ಕೇಳಿ.

ಜಾಯ್ ಬುಲಾಮ್ವಿನಿ. ಘಾನಾ ಮೂಲದ ಕುಟುಂಬ, ಹುಟ್ಟಿದ್ದು ಕೆನಡಾದಲ್ಲಿ. 2015ರಲ್ಲಿ ಎಂಐಟಿ ಸೇರಿದಾಗ ಅವರು ತೆಗೆದುಕೊಂಡ ಒಂದು ಕ್ಲಾಸಿನಲ್ಲಿ ವೈಜ್ಞಾನಿಕ ಕತೆಗಳಿಂದ ಸ್ಫೂರ್ತಿ ಪಡೆದು ಏನಾದರೂ ಮಜವಾದದ್ದನ್ನು ಕಟ್ಟಬೇಕಿತ್ತು. ಜಾಯ್ ಕಟ್ಟಿದ್ದು ಕನ್ನಡಿ. ಎದುರಿಗೆ ಹೋಗಿ ನಿಂತರೆ ನಿಮ್ಮ ಮುಖದ ಮೇಲೆ ಸಿಂಹದ ಮುಖವೋ, ನಿಮಗಿಷ್ಟವಾದ ಆಟಗಾರ್ತಿಯ ಮುಖವೋ ಮೂಡಬೇಕು. ಅರ್ಧ ಪಾರದರ್ಶಕ ಗಾಜು, ಹಿಂದೆ ಪರದೆ, ಮೇಲೊಂದು ವೆಬ್‌ಕ್ಯಾಮ್, ಮುಖ ಎಲ್ಲಿದೆ ಅಂತ ಹುಡುಕೋಕೆ ಎಲ್ಲರಿಗೂ ಸಿಗೋ ಒಂದು ರೆಡಿಮೇಡ್ ಸಾಫ್ಟ್‌ವೇರ್.

ಆ ಸಾಫ್ಟ್‌ವೇರಿಗೆ ಅವರ ಮುಖವೇ ಕಾಣಿಸಲಿಲ್ಲ.

ಆಫೀಸಿನಲ್ಲಿ ಹ್ಯಾಲೋವೀನ್‌ನ ಬಿಳಿ ಮುಖವಾಡ ಬಿದ್ದಿತ್ತು. ಹಾಕ್ಕೊಂಡು ನೋಡಿದರು. ತಕ್ಷಣ ಕಾಣಿಸ್ತು! ಕಣ್ಣು ಮೂಗಿನ ಜಾಗದಲ್ಲಿ ತೂತು ಬಿಟ್ಟರೆ ಬೇರೇನೂ ಇಲ್ಲದ ಪ್ಲಾಸ್ಟಿಕ್ ತುಂಡು ಅದಕ್ಕೆ ಮುಖ. ಜೀವಂತ ಹುಡುಗಿಯ ಕಪ್ಪು ಮುಖ ಮುಖವೇ ಅಲ್ಲ.

ಇದು ಅವರಿಗೆ ಮೊದಲ ಸಲವೂ ಆಗಿರಲಿಲ್ಲ. ಪದವಿ ಓದುವಾಗ ರೋಬೋಟ್ ಒಂದಕ್ಕೆ, ಮುಖ ಮುಚ್ಚಿ ತೆಗೆದು ಮಗುವನ್ನು ನಗಿಸ್ತೀವಲ್ಲ, ಆ ಆಟ ಕಲಿಸಬೇಕಿತ್ತು. ಅದಕ್ಕೂ ಇವರು ಕಾಣಿಸಲಿಲ್ಲ. ರೂಮ್‌ಮೇಟ್‌ನ ಕೂರಿಸಿ ಅಸೈನ್‌ಮೆಂಟ್ ಮುಗಿಸಿದರು. ಆಮೇಲೆ ಹಾಂಕಾಂಗ್‌ಗೆ ಹೋದಾಗ ಅಲ್ಲಿನ ಸ್ಟಾರ್ಟಪ್ ಒಂದು ತೋರಿಸಿದ ರೋಬೋಟೂ ಅಷ್ಟೇ, ಇವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಗುರುತಿಸಿತು. ವಿಚಾರಿಸಿದರೆ ಅದರೊಳಗೂ ಅದೇ ರೆಡಿಮೇಡ್ ಸಾಫ್ಟ್‌ವೇರ್. ಯಾರೋ ಒಮ್ಮೆ ಬರೆದ ಕೋಡ್ ಭೂಮಿಯ ಇನ್ನೊಂದು ತುದಿಗೆ ತನ್ನ ಕುರುಡನ್ನೂ ಹೊತ್ತುಕೊಂಡು ಹೋಗಿತ್ತು.

ಇಲ್ಲಿ ನಾವು ನೀವಾಗಿದ್ದರೆ ಏನು ಮಾಡ್ತಿದ್ವಿ? ಟೇಬಲ್ ಲ್ಯಾಂಪ್ ಹತ್ತಿರ ಎಳ್ಕೊಂಡು, ಹೆಂಗೋ ಡೆಮೊ ಮುಗಿಸಿ, ಮಾರ್ಕ್ಸ್ ತಗೊಂಡು ಹೋಗ್ತಿದ್ವಿ. ಜಾಯ್ ಅದನ್ನೇ ತಮ್ಮ ಮಾಸ್ಟರ್ಸ್ ಸಂಶೋಧನೆಯ ವಿಷಯ ಮಾಡ್ಕೊಂಡರು. 2018ರಲ್ಲಿ ಟಿಮ್ನಿಟ್ ಗೆಬ್ರು ಜೊತೆ ಪ್ರಕಟಿಸಿದ 'ಜೆಂಡರ್ ಶೇಡ್ಸ್' ಪ್ರಬಂಧ ಹುಟ್ಟಿದ್ದು ಹೀಗೆ. ನನಗೆ ಈ ಅಧ್ಯಯನದಲ್ಲಿ ತುಂಬಾ ಇಷ್ಟವಾಗೋದು ಅದರ ಸರಳತೆ. ಮೂರು ಆಫ್ರಿಕನ್ ದೇಶ, ಮೂರು ಯುರೋಪಿಯನ್ ದೇಶಗಳ ಸಂಸತ್ ಸದಸ್ಯರ ಫೋಟೋ ತಗೊಂಡರು. ಒಟ್ಟು 1270 ಜನ. ಜನಪ್ರತಿನಿಧಿಗಳ ಫೋಟೋ ಹೇಗೂ ಸಾರ್ವಜನಿಕವಾಗಿ ಸಿಗುತ್ತೆ, ಮಹಿಳಾ ಸದಸ್ಯರು ಹೆಚ್ಚಿರೋ ದೇಶಗಳನ್ನೇ ಆರಿಸಿದ್ದರು. ಮೈಕ್ರೋಸಾಫ್ಟ್, ಐಬಿಎಂ, ಚೀನಾದ ಫೇಸ್‌ಪ್ಲಸ್‌ಪ್ಲಸ್, ಈ ಮೂರು ಕಂಪನಿಗಳ ಸಾಫ್ಟ್‌ವೇರಿಗೆ ಆ ಫೋಟೋ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: ಇದು ಗಂಡಸೋ, ಹೆಂಗಸೋ?

ಮೈಕ್ರೋಸಾಫ್ಟ್‌ನ ಒಟ್ಟಾರೆ ನಿಖರತೆ ಶೇ. 93.7. ಫಸ್ಟ್ ಕ್ಲಾಸ್ ಅಲ್ವಾ? ಅಲ್ಲೇ ಇರೋದು ಮೋಸ. ಒಂದು ಆಫೀಸಿದೆ ಅಂದ್ಕೊಳ್ಳಿ, ನೂರು ಜನ. ಎಂಬತ್ತು ಜನರ ಬಣ್ಣ ತಿಳಿ, ಇಪ್ಪತ್ತು ಜನರದ್ದು ಗಾಢ. ಹಾಜರಿ ಮೆಷಿನ್ ಎಂಬತ್ತರಲ್ಲಿ ಒಬ್ಬರನ್ನೂ ತಪ್ಪಿಸಲ್ಲ, ಇಪ್ಪತ್ತರಲ್ಲಿ ಆರು ಜನರನ್ನು ತಪ್ಪಿಸುತ್ತೆ. ನಿಖರತೆ ಎಷ್ಟಾಯ್ತು? ಶೇ. 94. ಎಚ್‌ಆರ್ ಪ್ರೆಸೆಂಟೇಷನ್‌ನಲ್ಲಿ ಹಸಿರು ಟಿಕ್. ಆ ಆರು ಜನ ಮಾತ್ರ ದಿನಾ ಬೆಳಿಗ್ಗೆ ಸೆಕ್ಯುರಿಟಿ ಹತ್ರ ನಿಂತು ರಿಜಿಸ್ಟರ್ ಕೊಡಿ ಅಂತ ಕೇಳ್ತಿರಬೇಕು.

ಜಾಯ್ ಮತ್ತು ಟಿಮ್ನಿಟ್ ಮಾಡಿದ್ದು ಈ ಸರಾಸರಿಯನ್ನು ಬಿಡಿಸಿ ನೋಡೋದನ್ನೇ. ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ಮೂರೂ ಸಾಫ್ಟ್‌ವೇರುಗಳ ತಪ್ಪು ಹೆಚ್ಚೆಂದರೆ ಶೇ. 0.8. ಗಾಢ ಬಣ್ಣದ ಹೆಂಗಸರಲ್ಲಿ ಮೈಕ್ರೋಸಾಫ್ಟ್ ಶೇ. 20.8, ಐಬಿಎಂ ಶೇ. 34.7. ಮೂವರಲ್ಲಿ ಒಬ್ಬರು! ಕಾರಣವೂ ಅಲ್ಲೇ ಸಿಕ್ಕಿತು. ಇಂಥ ಸಾಫ್ಟ್‌ವೇರಿಗೆ ಪರೀಕ್ಷೆ ಇಡ್ತಿದ್ದ ಹೆಸರಾಂತ ಎರಡು ಫೋಟೋ ಸಂಗ್ರಹಗಳನ್ನು ನೋಡಿದರೆ, ಒಂದರಲ್ಲಿ ಶೇ. 79.6, ಇನ್ನೊಂದರಲ್ಲಿ ಶೇ. 86.2ರಷ್ಟು ತಿಳಿ ಬಣ್ಣದ ಮುಖಗಳೇ. ಪ್ರಶ್ನೆಪತ್ರಿಕೆಯೇ ಹಾಗಿದ್ದರೆ ಎಲ್ಲರೂ ಪಾಸು.

ಬಣ್ಣದ ವಿಷಯದಲ್ಲಿ ನಾವೇನು ಸಾಚಾಗಳಲ್ಲ ಬಿಡಿ. ಮದುವೆ ಜಾಹೀರಾತಿನ 'ಗೋಧಿ ಬಣ್ಣ' ಇನ್ನೂ ಹೋಗಿಲ್ಲ. ಸೆಲ್ಫಿ ತೆಗೆದರೆ ಫೋನಿನ ಬ್ಯೂಟಿ ಮೋಡ್ ಕೇಳದೇನೇ ಎರಡು ಕೋಟ್ ಪೌಡರ್ ಬಳಿಯುತ್ತೆ, ನಾವೂ ಅದನ್ನೇ ಡಿಪಿ ಮಾಡ್ಕೋತೀವಿ.

ಸರಿ, ಕಂಪನಿಗಳು ಏನು ಮಾಡಿದವು? ಸಾಫ್ಟ್‌ವೇರ್ ಸುಧಾರಿಸಿದವು. 2019ರಲ್ಲಿ ಡೆಬೊರಾ ರಾಜಿ ಎಂಬ ಇನ್ನೊಬ್ಬ ವಿದ್ಯಾರ್ಥಿನಿ ಜಾಯ್ ಜೊತೆ ಸೇರಿ ಮತ್ತೆ ಅಳೆದಾಗ ಆ ಮೂರೂ ಕಂಪನಿಗಳ ತಪ್ಪು ಬಹಳ ಇಳಿದಿತ್ತು. ಹಿಂದಿನ ಪರೀಕ್ಷೆಯಲ್ಲಿ ಇಲ್ಲದ ಅಮೆಜಾನ್‌ನಲ್ಲಿ ಮಾತ್ರ ಗಾಢ ಬಣ್ಣದ ಹೆಂಗಸರ ಪಾಲಿಗೆ ಶೇ. 31ರಷ್ಟು ತಪ್ಪು. ಹೆಸರು ಹೇಳಿ ಅಳೆದವರು ಸರಿಯಾದರು, ಅಳತೆಗೆ ಸಿಗದವರು ಹಾಗೇ ಇದ್ದರು.

ಆದರೆ ಇಲ್ಲಿಗೆ ಸುಖಾಂತ್ಯ ಅಂತ ಮುಗಿಸೋಕೆ ಆಗಲ್ಲ. ಮೆಷಿನ್ ಎಲ್ಲರನ್ನೂ ಚೆನ್ನಾಗಿ ಗುರುತಿಸಿದರೆ ಆಯ್ತಾ? ಎಲ್ಲರನ್ನೂ ಚೆನ್ನಾಗಿ ಗುರುತಿಸೋ ಕ್ಯಾಮೆರಾ ಎಲ್ಲರನ್ನೂ ಚೆನ್ನಾಗಿ ಹಿಂಬಾಲಿಸೋಕೂ ಬರುತ್ತೆ. ಜಾಯ್ ಅವರೇ ಎತ್ತಿದ ಎರಡನೇ ಪ್ರಶ್ನೆ ಇದು, ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ದೊಡ್ಡದು. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಒಬ್ಬ ಕಪ್ಪು ವರ್ಣೀಯರನ್ನು ಹೆಂಡತಿ ಮಕ್ಕಳೆದುರೇ ಬಂಧಿಸಿದರು. ಕೈಗಡಿಯಾರ ಕಳವಿನ ಕೇಸು. ಅಂಗಡಿಯ ಮಸುಕು ವಿಡಿಯೋಗೆ ಅವರ ಹಳೇ ಲೈಸೆನ್ಸ್ ಫೋಟೋ ಹೊಂದುತ್ತೆ ಅಂತ ಕಂಪ್ಯೂಟರ್ ಹೇಳಿತ್ತು. ಅವರು ಕಳ್ಳರಾಗಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳ ನಡುವೆ, ಸಾಮಾನ್ಯ ಬಳಕೆಯ ಮುಖ ಗುರುತಿಸೋ ಸಾಫ್ಟ್‌ವೇರ್ ಇನ್ನು ಕೊಡಲ್ಲ ಎಂದು ಐಬಿಎಂ ಹೇಳಿತು. ಅಮೆಜಾನ್ ಪೊಲೀಸರಿಗೆ ತನ್ನದನ್ನು ಬಳಸೋಕೆ ಒಂದು ವರ್ಷ ತಡೆ ಹಾಕಿ, ಆಮೇಲೆ ಅದನ್ನು ಮುಂದುವರಿಸಿತು.

ನಮ್ಮಲ್ಲಿಗೆ ಬನ್ನಿ. 2022ರ ಡಿಸೆಂಬರ್ 1ರಂದು ಡಿಜಿಯಾತ್ರಾ ಶುರುವಾದ ಮೊದಲ ಮೂರು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರಿನದೂ ಒಂದು. ಮುಖ ತೋರಿಸಿ ಒಳಗೆ ಹೋಗಿ. ಕ್ಯೂ ಉಳಿಯುತ್ತೆ, ನಿಜ. ಅದು ಕಡ್ಡಾಯ ಅಲ್ಲ, ಐಡಿ ಕಾರ್ಡ್ ತೋರಿಸಿಯೂ ಹೋಗಬಹುದು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೂ ಹತ್ತಿರದ್ದು ಬೇಕಾದರೆ ನಮ್ಮ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ. 'ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ' ಅಂತ ಒಂದಾದರೂ ಪೋಸ್ಟರ್ ಇರದಿದ್ದರೆ ಕೇಳಿ. ನಿಮ್ಮಲ್ಲೂ ಕೆಲವರು ಅದನ್ನೇ ಮಾಡಿ ಪಾಸಾದವರೇ ಇರ್ತೀರಿ. ಆ ಮಕ್ಕಳನ್ನು ಬೈಯೋದಲ್ಲ, ಪಕ್ಕ ನಿಂತು ನಾಲ್ಕು ಮಾತು ಕೇಳಿ ನೋಡಿ. ಎಷ್ಟು ಮುಖಗಳ ಮೇಲೆ ಪರೀಕ್ಷೆ ಮಾಡಿದ್ರಿ, ಬರೀ ನಿಮ್ಮ ಟೀಮಿನ ನಾಲ್ಕು ಜನವಾ? ಸಂಜೆ ಕರೆಂಟ್ ಹೋದಾಗ, ಮೂಲೆ ಬೆಂಚಿನ ಕಪ್ಪು ಹುಡುಗನ ಮೇಲೆ? ತಲೆ ಮೇಲೆ ಸೆರಗೋ ಹಿಜಾಬೋ ಇದ್ದವರ ಮೇಲೆ? ಕ್ಲಾಸಿನವರ ಫೋಟೋ ತಗೊಳ್ಳುವಾಗ ಬೇಡ ಅನ್ನೋಕೆ ಅವಕಾಶ ಇತ್ತಾ, ಬೇಡ ಅಂದವರ ಹಾಜರಿ ಏನಾಗುತ್ತೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಅನ್ನೋದು ಸ್ವಇಚ್ಛೆಯಿಂದ ಕೊಟ್ಟದ್ದಾಗಿರಬೇಕು, ಕೊಟ್ಟವರು ವಾಪಸ್ ತಗೊಳ್ಳಲೂ ಆಗಬೇಕು.

ಕೊನೆಯದಾಗಿ, ಪ್ರಾಜೆಕ್ಟ್ ಮುಗಿದ ಮೇಲೆ ಆ ಅರವತ್ತು ಮುಖಗಳಿರೋ ಫೋಲ್ಡರ್ ಯಾರ ಲ್ಯಾಪ್‌ಟಾಪಿನಲ್ಲಿ ಉಳಿಯಿತು ಅಂತ ಕೇಳಿ.