ಹಂಸತೂಲಿಕೆಯೂ ಅಟ್ಟದ ಹಾಸಿಗೆಯೂ

ಧನುರ್ಮಾಸ ಸಮೀಪಿಸಿದಂತೆ ರಾಯಕೋಟೆಯ ಸುತ್ತಲಿನ ಮನೆಗಳಲ್ಲಿ ಅಟ್ಟದ ಮೇಲಿನ ಹಾಸಿಗೆ, ರಜಾಯಿಗಳು ಕೆಳಗಿಳಿಯುತ್ತವೆ. ಮಕ್ಕಳು ಕಿವಿಗೆ ಮಫ್ಲರ್ ಸುತ್ತಿಕೊಂಡು ಶಾಲೆಗೆ ಹೊರಡುವ ಈ ದಿನಗಳಲ್ಲಿಯೇ ಹಳೆಯ ಹಾಸಿಗೆಯ ದುರವಸ್ಥೆಯೂ ಮನೆಯವರ ಕಣ್ಣಿಗೆ ಬೀಳುವುದು. ನಡುವೆ ಹಳ್ಳ, ಅಂಚಿನಲ್ಲಿ ದಿಬ್ಬ, ಒಳಗೆ ಕೈಗೆ ಸಿಗುವ ಗಂಟುಗಳು. ಮರುವಾರ ಕಂತಿನ ಮೇಲೆ ಹೊಸ ಫೋಮ್ ಹಾಸಿಗೆ ಬರುತ್ತದೆ. ಅಜ್ಜಿಯ ಕಾಲದ ಹತ್ತಿಯ ಹಾಸಿಗೆ ರಸ್ತೆಯ ಬದಿಯ ಕಸದ ರಾಶಿಯನ್ನು ಸೇರುತ್ತದೆ. ಅದರೊಳಗಿನ ಹತ್ತಿ ನಿಜವಾಗಿಯೂ ಸತ್ತಿತ್ತೇ ಎಂದು ಕೇಳುವವರು ವಿರಳ.

ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಂಚ ದೂರ ಹೋಗಬೇಕಾಗುತ್ತದೆ. ನಮ್ಮ ಪುರಾಣ ಕಥೆಗಳ ಅರಸರು ಹಂಸತೂಲಿಕಾತಲ್ಪದ ಮೇಲೆ ಮಲಗುತ್ತಿದ್ದರು. ಹಂಸದ ಮೈಯ ನವುರಾದ ತುಪ್ಪುಳನ್ನು ತುಂಬಿದ ಹಾಸಿಗೆ ಅದು. ಇಲ್ಲಿ ಕಥೆಯಲ್ಲಿಯೇ ಉಳಿದ ಆ ವಸ್ತು ಹಿಮ ಬೀಳುವ ದೇಶಗಳಲ್ಲಿ ನಿತ್ಯದ ಉಡುಪು. ಕೆನಡಾಕ್ಕೋ ಜರ್ಮನಿಗೋ ಓದಲು ಹೋದ ಮಕ್ಕಳು ಮೊದಲ ಚಳಿಗಾಲದಲ್ಲಿ ಕೊಳ್ಳುವ ಉಬ್ಬುಬ್ಬಿದ ಕೋಟುಗಳಲ್ಲಿ ಅನೇಕವು ಬಾತುಕೋಳಿಯ ಅಥವಾ ಹೆಬ್ಬಾತಿನ ತುಪ್ಪುಳಿನಿಂದ ತುಂಬಿದವು. ಹೊರಗಿನ ಗರಿಗಳ ಅಡಿಯಲ್ಲಿ, ಹಕ್ಕಿಯ ಎದೆಗೆ ಅಂಟಿಕೊಂಡಂತೆ ಬೆಳೆಯುವ ಈ ತುಪ್ಪುಳಿಗೆ ಗರಿಗಿರುವಂತೆ ಗಟ್ಟಿಯಾದ ದಂಟಿಲ್ಲ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು ಚಾಚಿಕೊಂಡಿರುತ್ತವೆ. ಅದರ ಗುಣವನ್ನು ಅಳೆಯುವ ಕ್ರಮವೂ ಸ್ವಾರಸ್ಯಕರ: ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳು ಎಷ್ಟು ಘನ ಅಂಗುಲ ಜಾಗವನ್ನು ತುಂಬುತ್ತದೆ ಎಂಬುದೇ ಅಳತೆ. 600 ಎಂದರೆ ಸಾಧಾರಣ, 800 ಎಂದರೆ ಉತ್ತಮ. ಲೀಟರಿನ ಲೆಕ್ಕದಲ್ಲಿ ಸುಮಾರು 10ರಿಂದ 13. ಒಂದು ಹಿಡಿಗೆ ಅಡಗುವ ತುಪ್ಪುಳು ಉಬ್ಬಿದಾಗ ಒಂದು ಬಿಂದಿಗೆಯಷ್ಟು ಜಾಗವನ್ನು ಆಕ್ರಮಿಸುತ್ತದೆ! ಬೆಚ್ಚಗಿಡುವುದು ಮುಖ್ಯವಾಗಿ ಆ ಎಳೆಗಳ ನಡುವೆ ಸಿಕ್ಕಿ ಅಲ್ಲಾಡದೆ ನಿಂತ ಗಾಳಿಯೇ.

ಮೈಯ ಬೆವರು, ಎಣ್ಣೆ, ಧೂಳು ಸೇರಿದಾಗ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಳಿಗೆ ಎಡೆಯಿಲ್ಲವಾಗುತ್ತದೆ, ಕೋಟು ತೆಳ್ಳಗಾಗಿ ಚಳಿ ಒಳನುಗ್ಗುತ್ತದೆ. ಹಿಂದೆ ಇಂಥ ಕೋಟುಗಳೂ ಕಸವನ್ನೇ ಸೇರುತ್ತಿದ್ದವು. ಈಗ ಯೂರೋಪು, ಜಪಾನುಗಳಲ್ಲಿ ಹಳೆಯ ಕೋಟು, ದಿಂಬು, ರಜಾಯಿ, ಪರ್ವತಾರೋಹಿಗಳ ಮಲಗುವ ಚೀಲ ಇವುಗಳನ್ನು ಸಂಗ್ರಹಿಸಿ, ಹೊಲಿಗೆ ಬಿಚ್ಚಿ, ಒಳಗಿನ ತುಪ್ಪುಳನ್ನು ಯಂತ್ರದಿಂದ ಹೀರಿ ತೆಗೆಯುತ್ತಾರೆ. ಎತ್ತರವಾದ ಗೂಡಿನೊಳಗೆ ಗಾಳಿಯನ್ನು ಊದಿದಾಗ ಹಗುರವಾದ ತುಪ್ಪುಳು ಮೇಲೇರುತ್ತದೆ, ಮುರಿದ ಗರಿ ಮತ್ತು ಕಸ ಕೆಳಗುಳಿಯುತ್ತವೆ. ಕಣದಲ್ಲಿ ರಾಗಿ ತೂರುವುದನ್ನು ಕಂಡವರಿಗೆ ಇದು ಹೊಸದಲ್ಲ. ಅನಂತರ ಸಾಬೂನಿನಿಂದ ತೊಳೆದು, ಹೆಚ್ಚಿನ ಶಾಖದಲ್ಲಿ ಒಣಗಿಸಿ, ಮತ್ತೆ ಅಳೆದು ಹೊಸ ಕೋಟಿಗೆ ತುಂಬುತ್ತಾರೆ. ಒಂದು ಹಕ್ಕಿಯಿಂದ ದೊರೆಯುವ ತುಪ್ಪುಳು ಅತ್ಯಲ್ಪ. ಜೀವಂತ ಹಕ್ಕಿಗಳಿಂದ ಅದನ್ನು ಕಿತ್ತುಕೊಳ್ಳುವ ಕ್ರೌರ್ಯದ ಬಗ್ಗೆ ಆಕ್ಷೇಪಗಳೆದ್ದ ಬಳಿಕ 2014ರಲ್ಲಿ ಅದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಮಾನದಂಡವೂ ಜಾರಿಗೆ ಬಂದಿತು. ಹಳೆಯ ತುಪ್ಪುಳಿಗೆ ಮರುಜೀವ ಕೊಟ್ಟ ಕೋಟು ಅಲ್ಲಿ ಹೆಮ್ಮೆಯ ವಸ್ತು, ಬೆಲೆಯೂ ಕಡಿಮೆಯೇನಲ್ಲ.

ಇದೇ ಕೆಲಸವನ್ನು ಯಾವ ಹೆಮ್ಮೆಯ ಚೀಟಿಯನ್ನೂ ಅಂಟಿಸದೆ ತಲೆಮಾರುಗಳ ಕಾಲ ನಮ್ಮ ಬೀದಿಗಳಲ್ಲಿ ಮಾಡಿಕೊಂಡು ಬಂದವರು ಹತ್ತಿ ಹಿಂಜುವವರು. ಕನ್ನಡ ನಾಡಿನಲ್ಲಿ ಅವರು ಪಿಂಜಾರರು, ನದಾಫರು. ತೆಲುಗು ಸೀಮೆಯಲ್ಲಿ ದೂದೇಕುಲದವರು. ಇಸ್ಲಾಂ ಧರ್ಮವನ್ನು ಅನುಸರಿಸಿದರೂ ಇವರಲ್ಲಿ ಬಹುಪಾಲು ಜನರ ಮನೆಮಾತು ಆಯಾ ಸೀಮೆಯ ಕನ್ನಡವೋ ತೆಲುಗೋ ಆಗಿರುವುದು, ಮೂರು ಭಾಷೆಗಳು ಕೂಡುವ ಈ ಗಡಿಯ ಓದುಗರು ನೆನಪಿಡಬೇಕಾದ ಸಂಗತಿ. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಎರಡು ತುದಿಯೂ ಉಬ್ಬಿದ ಮರದ ಕೊಡತಿ. ಬಿಗಿದ ನರವನ್ನು ಕೊಡತಿಯಿಂದ ಮೀಟಿದೊಡನೆ ಗುಂಯ್ ಎಂಬ ನಾದ. ಕಂಪಿಸುವ ಆ ನರಕ್ಕೆ ತಗುಲಿದ ಹತ್ತಿಯ ಗಂಟು ಎಳೆ ಎಳೆಯಾಗಿ ಬಿಡಿಸಿಕೊಂಡು ಹಾರುತ್ತದೆ, ಧೂಳು ಕೆಳಗೆ ಉದುರುತ್ತದೆ. ಮುಂಜಾನೆ ಕಲ್ಲಿನಂತಿದ್ದ ಹಾಸಿಗೆಯ ಹತ್ತಿ ಮಧ್ಯಾಹ್ನಕ್ಕೆ ಜಗಲಿಯ ಮೇಲೆ ಮೋಡದಂತೆ ರಾಶಿ ಬೀಳುತ್ತಿತ್ತು. ಒಗೆದ ಗವಸಿಗೆ ಅದನ್ನೇ ತುಂಬಿ, ದಪ್ಪ ಸೂಜಿಯಿಂದ ಅಲ್ಲಲ್ಲಿ ಹೊಲಿಗೆ ಹಾಕಿದರೆ ಸಂಜೆಗೆ ಅದೇ ಹಾಸಿಗೆ, ಆದರೆ ಹೊಸದು.

ಈ ಕಸುಬಿನ ಬೆಲೆಯನ್ನು ಅರಿತಿದ್ದವರಲ್ಲಿ ಮಹಾತ್ಮ ಗಾಂಧಿಯವರೂ ಒಬ್ಬರು. ಚರಕ ಸಿಕ್ಕಿದ ಮೇಲೆಯೂ ಹಂಜಿಯಿಲ್ಲದೆ ನೂಲು ಬರದೆಂದು ಕಂಡಾಗ, ಹತ್ತಿ ಹಿಂಜುವವನೊಬ್ಬನನ್ನು ಹುಡುಕಿಕೊಡುವಂತೆ ಅವರು ಗಂಗಾಬೆಹೆನ್ ಅವರನ್ನು ಕೇಳಿಕೊಂಡರು. ಸಿಕ್ಕವನು ತಿಂಗಳಿಗೆ 35 ರೂಪಾಯಿಗೆ ಕಡಿಮೆಯಿಲ್ಲದ ಸಂಬಳ ಕೇಳಿದನು. ಆ ಹೊತ್ತಿನಲ್ಲಿ ಯಾವ ಬೆಲೆಯೂ ತಮಗೆ ಹೆಚ್ಚೆನಿಸಲಿಲ್ಲವೆಂದು ಗಾಂಧಿಯವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂದು ಅದೇ ಕಸುಬುದಾರನೊಂದಿಗೆ ಹತ್ತು ರೂಪಾಯಿಗೆ ಚೌಕಾಶಿ ಮಾಡಿ, ಬಳಿಕ ಅಂಗಡಿಯಲ್ಲಿ ತುಟಿಪಿಟಕ್ಕೆನ್ನದೆ ಸಾವಿರಗಳನ್ನು ಎಣಿಸುವುದು ವಿಚಿತ್ರವೇ ಸರಿ.

ಕಸುಬಿನ ಕಷ್ಟವನ್ನು ಮರೆಮಾಚಬೇಕಾಗಿಲ್ಲ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಕೆಡುತ್ತದೆ. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ಬಿಲ್ಲಿನ ಬದಲು ವಿದ್ಯುತ್ತಿನ ಹಿಂಜುವ ಯಂತ್ರ ಬಂದ ಮೇಲೆ ಶ್ರಮ ತಗ್ಗಿತು, ಧೂಳು ತಗ್ಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಕೂಡದು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಉಬ್ಬಸವಿರುವ ಮಕ್ಕಳನ್ನು ಅತ್ತ ಸುಳಿಯಗೊಡಬಾರದು.

ತಮಿಳುನಾಡಿನ ಮನೆಗಳಲ್ಲಿ ಹತ್ತಿಯಷ್ಟೇ ಪರಿಚಿತವಾದುದು ಬೂರುಗದ ಅರಳೆ, ಇಲ್ಲಿನ ಅಂಗಡಿಗಳ ಮಾತಿನಲ್ಲಿ ಇಲವಂ ಪಂಜು. ಥೇಣಿ ಜಿಲ್ಲೆಯ ಬೋಡಿನಾಯಕನೂರು ಅದಕ್ಕೆ ಹೆಸರಾದ ಊರು. ಇದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಆದುದರಿಂದಲೇ ನೀರಿನಲ್ಲಿ ತೇಲುತ್ತದೆ, ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಿಗೆ ಇದನ್ನೇ ತುಂಬುತ್ತಿದ್ದರು. ಮರದಲ್ಲಿ ಬೆಳೆಯುವ ವಸ್ತುಗಳಲ್ಲಿ ಹಂಸತೂಲಿಕೆಗೆ ಹತ್ತಿರವಾದುದು ಯಾವುದೆಂದರೆ ಇದನ್ನೇ ಹೇಳಬೇಕು. ಆದರೆ ಎಳೆ ಪೆಡಸು. ಹತ್ತಿಯಂತೆ ಬಿಲ್ಲಿಗೆ ಕೊಟ್ಟರೆ ಮುರಿದು ಪುಡಿಯಾಗುತ್ತದೆ. ಬಿಸಿಲಿಗಿಟ್ಟು, ಸಣ್ಣ ಕೋಲಿನಿಂದ ಮೆಲ್ಲಗೆ ಕೆದಕಿದರೆ ತಾನಾಗಿಯೇ ಉಬ್ಬುತ್ತದೆ.

ಫೋಮಿಗೆ ಇಂಥ ಎರಡನೆಯ ಜನ್ಮ ಮನೆಯ ಜಗಲಿಯ ಮೇಲೆ ಸಾಧ್ಯವಿಲ್ಲ. ಒಮ್ಮೆ ಕುಸಿದರೆ ಕುಸಿದಂತೆಯೇ. ಸುಟ್ಟರೆ ಏಳುವ ಹೊಗೆ ವಿಷ. ಅದರಲ್ಲಿ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಅಗ್ಗದ ದಿಂಬುಗಳ ಪಾಲಿಯೆಸ್ಟರ್ ನಾರು ಗಂಟಾದರೆ ಬಿಡಿಸಿ ಬೊಂಬೆಗೋ ಕುರ್ಚಿಯ ಮೆತ್ತೆಗೋ ತುಂಬಬಹುದು, ಅಷ್ಟೇ. ಬೆನ್ನು ನೋವಿನವರಿಗೆ ವೈದ್ಯರು ಹೇಳಿದ ಹಾಸಿಗೆಯನ್ನು ಕೊಳ್ಳಬೇಡವೆನ್ನುವುದು ಸರಿಯಲ್ಲ. ಆದರೆ ಹೊಸದು ಬಂದಿತೆಂಬ ಒಂದೇ ಕಾರಣಕ್ಕೆ ಹತ್ತು ಕಿಲೋ ಒಳ್ಳೆಯ ಹತ್ತಿಯನ್ನು ಬೆಂಕಿಗೆ ಒಪ್ಪಿಸುವುದು ಯಾವ ಲೆಕ್ಕದಲ್ಲಿಯೂ ಹೊಂದುವುದಿಲ್ಲ. ಅದೇ ಹತ್ತಿಯಲ್ಲಿ ಮಕ್ಕಳಿಗೆ ಎರಡು ರಜಾಯಿ, ನಾಲ್ಕು ದಿಂಬುಗಳಾದಾವು.

ವಿಜ್ಞಾನದ ಪಾಠದಲ್ಲಿ ಶಾಖದ ಅವಾಹಕಗಳನ್ನು ಓದುತ್ತಿರುವ ಮಕ್ಕಳಿಗೆ ಇದನ್ನು ಮನೆಯಲ್ಲಿಯೇ ತೋರಿಸಬಹುದು. ಒಂದೇ ಅಳತೆಯ ಎರಡು ಮುಚ್ಚಳದ ಸ್ಟೀಲ್ ಡಬ್ಬಿಗಳಿಗೆ ಸಮನಾಗಿ ಬಿಸಿನೀರು ತುಂಬಿ, ಎರಡು ಬುಟ್ಟಿಗಳಲ್ಲಿ ಇಡಬೇಕು. ಒಂದರ ಸುತ್ತ ಹಾಸಿಗೆಯಿಂದ ತೆಗೆದ ಗಂಟುಹತ್ತಿಯನ್ನು ಹಾಗೆಯೇ ಒತ್ತಿ ಸುತ್ತಬೇಕು. ಇನ್ನೊಂದರ ಸುತ್ತ ಅಷ್ಟೇ ತೂಕದ ಹತ್ತಿಯನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ ಬುಟ್ಟಿ ತುಂಬ ಹರಡಬೇಕು. ಒಂದು ಗಂಟೆಯ ಮೇಲೆ ಎರಡರಲ್ಲಿಯೂ ಥರ್ಮಾಮೀಟರ್ ಅದ್ದಿ ನೋಡಿ, ಅಂಕಿಗಳನ್ನು ಮಕ್ಕಳೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಒಡೆದೀತು. ಶಾಲೆಯ ಪ್ರಯೋಗಶಾಲೆಯದನ್ನು ಗುರುಗಳಿಂದ ಕೇಳಿ ತರಬೇಕು.

ಪರದೇಶದಿಂದ ಬಂದ ತುಪ್ಪುಳಿನ ಕೋಟು ಪೆಟ್ಟಿಗೆಯಲ್ಲಿದ್ದರೆ ಅದನ್ನೂ ಎಸೆಯಬೇಕಾಗಿಲ್ಲ. ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನು ಹಾಕಿ ಅದ್ದಿ ತೆಗೆದು, ಹಿಂಡದೆ ಒತ್ತಿ ನೀರಿಳಿಸಿ, ಚಾಪೆಯ ಮೇಲೆ ಹರಡಬೇಕು. ಒದ್ದೆಯಾದ ತುಪ್ಪುಳು ಮುದ್ದೆಯಾಗಿ, ಕೆಟ್ಟೇ ಹೋಯಿತೆನ್ನುವಂತೆ ಕಾಣುತ್ತದೆ; ಗಾಬರಿ ಬೇಡ. ದಿನಕ್ಕೆ ಮೂರು ನಾಲ್ಕು ಬಾರಿ ಕೈಯಿಂದ ತಟ್ಟುತ್ತಾ ಎರಡು ಮೂರು ದಿನ ಪೂರ್ತಿ ಒಣಗಿಸಿದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಮಾಗಿಯ ಮುಂಜಾವಿನ ಮಂಜು ಆರುವ ತನಕ ಕೋಟನ್ನಾಗಲಿ ಬೂರುಗದ ದಿಂಬನ್ನಾಗಲಿ ಹೊರಗಿಡಬಾರದು. ಬಿಸಿಲು ಚೆನ್ನಾಗಿ ಏರಿದ ಮೇಲೆ ಹರಡಿ, ಇಳಿಯುವ ಮುನ್ನವೇ ಒಳಗೆ ತರಬೇಕು.