ಹಾವಿಗೆ ನಮ್ಮ ಸಲುಗೆ ಬೇಕಿಲ್ಲ

ಕಳೆದ ಮಳೆಗಾಲದಲ್ಲಿ ಬೇಲೆಕೇರಿಯ ಒಂದು ಮನೆಯ ಕಟ್ಟಿಗೆ ರಾಶಿಯಲ್ಲಿ ನಾಗರಹಾವು ಸೇರಿಕೊಂಡಿತ್ತು. ಹಾವು ಹಿಡಿಯುವ ಹುಡುಗ ಬಂದ, ಹತ್ತೇ ನಿಮಿಷದಲ್ಲಿ ಹಿಡಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುತ್ತ ನಿಂತವರ ಕೈಯಲ್ಲೆಲ್ಲ ಮೊಬೈಲು. "ತಮಾ, ಇನ್ನೊಂದ್ ಸಲ ಹೆಡೆ ಎತ್ಸು" ಎಂದು ಯಾರೋ ಕೂಗಿದರು. ಅವನು ಎತ್ತಿಸಿದ. ಪುಣ್ಯಕ್ಕೆ ಏನೂ ಆಗಲಿಲ್ಲ. ಸುದ್ದಿ ಮಾಡಲು ಹೋದ ನಾವೂ ವಿಡಿಯೊ ಮಾಡಿದೆವು, ವಾಟ್ಸಾಪ್ ಗ್ರೂಪಿಗೂ ಹಾಕಿದೆವು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದೆ ಬರೆಯುತ್ತೇವೆ.

ನಮ್ಮದೇ ಜಿಲ್ಲೆಯ ಶಿರಸಿಯ ವಿಡಿಯೊ ನಿಮಗೆ ನೆನಪಿರಬಹುದು. 2022ರ ಮಾರ್ಚ್‌ನಲ್ಲಿ ಯುವಕನೊಬ್ಬ ಮೂರು ನಾಗರಹಾವುಗಳ ಮುಂದೆ ಕೂತು ಕೈಕಾಲು ಆಡಿಸುತ್ತಿದ್ದ. ಒಂದು ಹಾವು ಮೊಣಕಾಲಿಗೆ ಕಚ್ಚಿ ಹಿಡಿದೇಬಿಟ್ಟಿತು. ಆಸ್ಪತ್ರೆ ಸೇರಿ ಬದುಕಿದ. ಅದೇ ವರ್ಷ ಭದ್ರಾವತಿಯಲ್ಲಿ, ಹಿಡಿದ ನಾಗರಕ್ಕೆ ಮುತ್ತಿಡಲು ಹೋದವನ ತುಟಿಗೇ ಹಾವು ಕಚ್ಚಿತು. ಅವನೂ ಬದುಕಿದ. ಎಲ್ಲರಿಗೂ ಹಾಗಾಗುವುದಿಲ್ಲ. ನೆಲಮಂಗಲದ ಹೆಸರಾಂತ ಉರಗ ರಕ್ಷಕರೊಬ್ಬರು 2022ರ ಆಗಸ್ಟ್‌ನಲ್ಲಿ, ಚಿಕ್ಕಮಗಳೂರಿನ ಇನ್ನೊಬ್ಬರು 2023ರ ಮೇ ತಿಂಗಳಲ್ಲಿ ನಾಗರಹಾವು ಕಚ್ಚಿ ತೀರಿಕೊಂಡರು. ಇಬ್ಬರೂ ಆಟಕ್ಕೆ ಹೋದವರಲ್ಲ, ಸಾವಿರಾರು ಹಾವು ಹಿಡಿದ ಅನುಭವಿಗಳು. ಅಂಥವರನ್ನೇ ಬಿಡದ ವಿಷ ರೀಲ್ಸ್ ಮಾಡುವವರನ್ನು ಬಿಡುತ್ತದೆಯೇ?

"ಹಾವಿಗೆ ನನ್ನ ಪರಿಚಯ ಉಂಟು, ನನಗೇನೂ ಮಾಡುವುದಿಲ್ಲ" ಎನ್ನುವವರಿದ್ದಾರೆ. ಹಾವು ನಾಯಿಯಲ್ಲ, ಸಾಕಿದವನ ಕೈ ನೆಕ್ಕುವುದಿಲ್ಲ. ಹೆಡೆ ಎತ್ತುವುದು ಆಶೀರ್ವಾದವೂ ಅಲ್ಲ, ಆಟವೂ ಅಲ್ಲ. ಹೆದರಿದ ಪ್ರಾಣಿ "ಹತ್ತಿರ ಬರಬೇಡ" ಎನ್ನುವ ರೀತಿ ಅದು. ಕೈ ಆಡಿಸಿದಂತೆ ತೂಗುವುದು ಕುಣಿತವಲ್ಲ, ಆಡುವ ಕೈಯ ಮೇಲೆ ಕಣ್ಣಿಟ್ಟಿರುವುದು. ನೂರು ಸಲ ಕಚ್ಚಲಿಲ್ಲ ಎಂದ ಮಾತ್ರಕ್ಕೆ ಸ್ನೇಹವಾಯಿತು ಎಂದಲ್ಲ.

ಈ ಸಲುಗೆ ನಮ್ಮ ದಕ್ಕೆಯಲ್ಲೂ ಇದೆ. ಬಲೆಗೆ ಬಿದ್ದ ಕಡಲ ಹಾವನ್ನು ಬಾಲ ಹಿಡಿದು ನೀರಿಗೆ ಎಸೆಯುವವರಿದ್ದಾರೆ. ಅದರ ವಿಷವೂ ಜೀವ ತೆಗೆಯುವಂಥದ್ದೇ. ಆಸ್ಪತ್ರೆಯಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಡಲ ಹಾವಿಗೂ ಅಲ್ಲ, ಕಾಳಿಂಗಕ್ಕೂ ಅಲ್ಲ. ಕೈ ಹಾಕುವ ಬದಲು ಒಂದು ಕೋಲು ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕು?

ಹಾಗಂತ ಹಾವನ್ನು ಹೊಡೆಯಿರಿ ಎಂದು ನಾವು ಹೇಳುತ್ತಿಲ್ಲ. ಅದು ಕಾನೂನಿಗೂ ವಿರುದ್ಧ. ನಡುರಾತ್ರಿ ಕರೆದರೂ ಬಂದು ಹಾವನ್ನೂ ಮನೆಯವರನ್ನೂ ಉಳಿಸುವ ಹುಡುಗರ ಮೇಲೆ ನಮಗೆ ಗೌರವವಿದೆ. ಅವರ ಜೀವ ನಮ್ಮ ವಿಡಿಯೊಗಿಂತ ದೊಡ್ಡದು ಎಂಬುದಷ್ಟೇ ನಮ್ಮ ಮಾತು. ನಮ್ಮ ಹಿರಿಯರು ನಾಗಬನಕ್ಕೆ ಕೊಡಲಿ ಹಾಕಲಿಲ್ಲ, ಒಳಹೊಕ್ಕು ಆಡಲೂ ಇಲ್ಲ. ಹೊರಗೆ ನಿಂತು ಕೈ ಮುಗಿದರು. ಆ ಭಕ್ತಿಯಲ್ಲಿ ಬುದ್ಧಿಯೂ ಇತ್ತು.

ಮನೆ ಹತ್ತಿರ ಹಾವು ಕಂಡರೆ ಮಕ್ಕಳನ್ನು, ನಾಯಿಯನ್ನು ದೂರ ಕರೆದುಕೊಳ್ಳಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾಟಿ ಮದ್ದಿಗೆ ಕಾಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ 108 ಕರೆಸಿ ಆಸ್ಪತ್ರೆಗೆ ಹೋಗಿ. 2024ರ ಫೆಬ್ರುವರಿಯಿಂದ ನಮ್ಮ ರಾಜ್ಯದಲ್ಲಿ ಪ್ರತಿ ಹಾವು ಕಡಿತದ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಸಮಸ್ಯೆ ಅಷ್ಟು ದೊಡ್ಡದಿದೆ.

ಹೆಡೆ ಎತ್ತಿಸಿ ಆಡಿಸುವ ವಿಡಿಯೊವನ್ನು ಇನ್ನು ನಾವು ತೆಗೆಯುವುದಿಲ್ಲ, ಬಂದದ್ದನ್ನು ಕಳಿಸುವುದೂ ಇಲ್ಲ. ನಿಮ್ಮ ಕೇರಿಗೆ ಹಾವು ಹಿಡಿಯುವವ ಬಂದಾಗ ನೀವೂ ಮೊಬೈಲು ಕಿಸೆಗಿಟ್ಟು ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಕೂಗಲೇಬೇಕು ಅನಿಸಿದರೆ "ಮೊದ್ಲು ಚೀಲಕ್ಕೆ ಹಾಕು, ತಮಾ" ಎಂದು ಕೂಗಿ.